ಎರಡು ಚೀಲ ಎರೆಮಣ್ಣು

ಬೆಕ್ಕು ಹಾಲು ಕದ್ದರೆ ನಮ್ಮಲ್ಲಿ ಅದು ಗಾದೆಯಾಗುತ್ತದೆ, ಕಥೆಯಾಗುತ್ತದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು, ಕೊರಳಿಗೆ ಗಂಟೆ ಕಟ್ಟಿಸಿಕೊಳ್ಳದ ಬೆಕ್ಕು, ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡು ಆಮೇಲೆ ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕು, ಇವನ್ನೆಲ್ಲ ಶಾಲೆಯ ಸಣ್ಣ ಮಕ್ಕಳೂ ಬಲ್ಲರು. ಆದರೆ ಕೌದಿಯ ಮೇಲೆ ಉಚ್ಚೆ ಹೊಯ್ಯುವ ಬೆಕ್ಕಿನ ಸುದ್ದಿ ಯಾವ ಪಾಠದಲ್ಲೂ ಇಲ್ಲ. ಕಥೆ ಬರೆದವರು ಕೌದಿ ಒಗೆದವರಲ್ಲವೆಂದು ಕಾಣುತ್ತದೆ. ಕೌದಿ ಒಗೆಯುವುದೆಂದರೆ ಏನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತುವುದಾಗುವುದಿಲ್ಲ, ಹಿಂಡುವುದಂತೂ ದೂರವೇ ಉಳಿಯಿತು. ನಳದ ನೀರು ಬರುವ ದಿನವನ್ನು ಕಾಯಬೇಕು. ಅದು ಒಣಗುವುದರೊಳಗೆ ಬೆಕ್ಕು ಇನ್ನೊಂದನ್ನು ತೋಯಿಸಿರುತ್ತದೆ.

ನಾವು ಸಣ್ಣವರಿದ್ದಾಗ ಮನೆಯ ಬೆಕ್ಕು ಎಲ್ಲಿ ಹೋಗಿ ಬರುತ್ತದೆ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಹಿತ್ತಲಲ್ಲಿ ತಿಪ್ಪೆ, ಒಲೆಯ ಬೂದಿ ಸುರಿಯುವ ಗುಂಡಿ, ದನದ ಕೊಟ್ಟಿಗೆಯ ಮೂಲೆ. ಅದು ತನಗೆ ಬೇಕಾದಲ್ಲಿ ಕೆದರಿ, ಕೂತು, ಮುಚ್ಚಿ, ಮೀಸೆ ಒರೆಸಿಕೊಂಡು ಬರುತ್ತಿತ್ತು. ಈಗ ಬೈಲಹೊಂಗಲದ ನಮ್ಮ ಓಣಿಯನ್ನು ನೋಡಿದರೆ ಒಳಗೆ ಟೈಲ್ಸು, ಕಟ್ಟೆಗೆ ಗ್ರಾನೈಟು, ಅಂಗಳಕ್ಕೆ ಫರಸಿ, ಓಣಿಗೆ ಕಾಂಕ್ರೀಟು. ಬೇವಿನ ಗಿಡದ ಬುಡಕ್ಕೂ ಸಿಮೆಂಟು ಬಳಿದಿದ್ದಾರೆ. ಕಸ ಗುಡಿಸಲು ನಮಗೆಲ್ಲ ಹಗುರಾಯಿತು, ಸುಳ್ಳಲ್ಲ. ಆದರೆ ಕಾಲಿನಿಂದ ಕೆದರಿದರೆ ಏಳುವಂಥ ಮಣ್ಣು ಒಂದು ಬೊಗಸೆಯಷ್ಟೂ ಉಳಿಯಲಿಲ್ಲ. ಇಡೀ ಮನೆಯಲ್ಲಿ ಪಂಜದ ಕೆಳಗೆ ಮೆತ್ತಗೆ ಹತ್ತುವುದು ಎಂದರೆ ಕೌದಿ ಒಂದೇ.

ಗುಂಡ್ಯಾ ನಮ್ಮ ಮನೆಯ ಬೆಕ್ಕಲ್ಲ, ಅತ್ತೆಯವರ ಬೆಕ್ಕು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭಾ ಉಕ್ಕಿ ರಾಮದುರ್ಗದ ಹೊಳೆದಂಡೆಯ ಓಣಿಗಳಿಗೆ ನೀರು ನುಗ್ಗಿತಲ್ಲ, ಆಗ ಅತ್ತೆಯ ಹಳೆಯ ಮನೆಯ ಹಿಂದಿನ ಗೋಡೆ ಕುಸಿಯಿತು. ನೀರು ಇಳಿದ ಮೇಲೆ ನಮ್ಮವರು ಹೋಗಿ ಕರೆದುಕೊಂಡು ಬಂದರು. ಒಂದು ಟ್ರಂಕು, ನಾಲ್ಕು ಕೌದಿ, ದೇವರ ಜಗಲಿಯ ಸಾಮಾನು, ಮತ್ತು ಮುಚ್ಚಿದ ಬುಟ್ಟಿಯೊಳಗೆ ಕಂದು ಪಟ್ಟೆಯ ಈ ಗಂಡು ಬೆಕ್ಕು. ನೀರು ಬಂದ ಎರಡು ದಿನ ಅದು ಜಂತಿಯ ಮೇಲೆ ಕೂತು ಜೀವ ಉಳಿಸಿಕೊಂಡಿತ್ತಂತೆ. ಅರವತ್ತು ವರ್ಷ ಬಾಳಿದ ಮನೆಯಿಂದ ಅತ್ತೆಗೆ ಉಳಿದ ಜೀವ ಅದೊಂದೇ.

ಬಂದು ವಾರ ಕಳೆಯುವುದರೊಳಗೆ ಶುರುವಾಯಿತು. ಮೊದಲು ಜೋಳದ ಚೀಲ. ಆಮೇಲೆ ನಾನು ತಿದ್ದಲು ತಂದಿಟ್ಟಿದ್ದ ಎಂಟನೆಯ ಇಯತ್ತೆಯ ಉತ್ತರ ಪತ್ರಿಕೆಗಳ ಕಟ್ಟು. ಅವನ್ನು ಒಂದೊಂದಾಗಿ ಫ್ಯಾನಿನ ಕೆಳಗೆ ಒಣಗಿಸಿ ಅಂಕ ಕೊಟ್ಟೆ. ಮಕ್ಕಳು ಮೂಸಿ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸಾಲಾಗಿ ಕೌದಿಗಳು. ಬೆಕ್ಕಿನ ಉಚ್ಚೆಯ ವಾಸನೆಗೆ ಕಾರಣವಿದೆ. ಇದರ ಮೂಲ ಪೂರ್ವಜ ಒಣ ಸೀಮೆಯ ಕಾಡುಬೆಕ್ಕು, ಅದಕ್ಕಾಗಿ ನೀರು ಕಡಿಮೆ ಕುಡಿದು ಬದುಕುವ ಮೈ ಇದರದು. ಬರುವ ಮೂತ್ರ ಬಹಳ ಗಟ್ಟಿ. ಗಂಡು ಬೆಕ್ಕಿನ ಮೂತ್ರದಲ್ಲಿ ಗಂಧಕ ಸೇರಿದ ವಸ್ತುವೊಂದು ಹೆಚ್ಚಿರುತ್ತದೆ, ಹಳತಾದಷ್ಟೂ ನಾತ ಏರುತ್ತದೆ. ಮನುಷ್ಯರ ಮೂಗಿಗೆ ಹೋಯಿತು ಅನಿಸಿದರೂ ಬೆಕ್ಕಿನ ಮೂಗಿಗೆ ಹೋಗಿರುವುದಿಲ್ಲ, ಹೀಗಾಗಿ ಅದು ಮತ್ತೆ ಅಲ್ಲಿಗೇ ಬರುತ್ತದೆ.

ಓಣಿಯವರ ಸಲಹೆಗೇನು ಬರವೇ? ಮೂಗು ಹಿಡಿದು ಅದರ ಉಚ್ಚೆಗೇ ತಿಕ್ಕಿರಿ ಎಂದರು. ಖಾರದ ಪುಡಿ ಉದುರಿಸಿರಿ ಎಂದರು. ಫಿನಾಯಿಲ್ ಹಾಕಿರಿ ಎಂದರು. ಎದುರು ಮನೆಯ ವೈನಿ ಕಟ್ಟೆಯ ಮೇಲೆ ಕೂತು ತೀರ್ಪೇ ಕೊಟ್ಟರು: "ಬೆಕ್ಕ ಭಾಳ ಸೇಡಿನ ಜಾತಿ ರೀ ಅಕ್ಕೋರ. ಮನಿ ಬಿಡಿಸಿ ತಂದೀರಿ ಅಂತ ಹಿಂಗ ಮಾಡತೈತಿ."

ಸೇಡಿನ ಮಾತನ್ನು ನಾನು ನಂಬುವುದಿಲ್ಲ. ಸೇಡು ತೀರಿಸಿಕೊಳ್ಳಲು ನಿನ್ನೆಯದನ್ನು ಲೆಕ್ಕ ಇಟ್ಟು ನಾಳೆಗೆ ಹೊಂಚು ಹಾಕುವ ಬುದ್ಧಿ ಬೇಕು, ಅದು ಮನುಷ್ಯರಿಗೇ ಮೀಸಲು. ಮೂಗು ತಿಕ್ಕಿದರೆ ಬೆಕ್ಕು ಕಲಿಯುವುದು ಒಂದೇ, ಈ ಮನುಷ್ಯರ ಕಣ್ಣಿಗೆ ಬೀಳಬಾರದು ಎಂದು. ಫಿನಾಯಿಲ್ ಅಂತೂ ಮನೆಯೊಳಗೆ ಬೆಕ್ಕಿದ್ದರೆ ತರಲೇಬಾರದು. ಕರಿ ಫಿನಾಯಿಲ್‌ನಲ್ಲಿರುವ ಫೀನಾಲ್ ಅನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಒರೆಸಿದ ನೆಲದ ಮೇಲೆ ಓಡಾಡಿ ಪಂಜ ನೆಕ್ಕಿಕೊಂಡರೂ ವಿಷವೇ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಒಂದು ಬೆಕ್ಕಿನ ಪ್ರಾಣ ತೆಗೆಯಬಲ್ಲದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಕರುಣೆಯಿಂದ ಕೊಡುವವರಿದ್ದಾರೆ.

ಮೂರನೆಯ ಕೌದಿ ತೊಯ್ದ ದಿನ ನಮ್ಮವರು ಚಹಾ ಕುಡಿಯುತ್ತ, "ಒಂದ ಚೀಲದಾಗ ಹಾಕಿ ಹೊಳಿ ದಾಟಿಸಿ ಬಿಟ್ಟ ಬಂದ್ರ ಆತು" ಎಂದರು. ಇದು ನಮ್ಮ ಸೀಮೆಯ ಹಳೆಯ ಪದ್ಧತಿ. ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಹೆದರಿಕೆ ಇದೆ, ಹೀಗಾಗಿ ಕೊಲ್ಲುವುದಿಲ್ಲ, ಬಿಟ್ಟು ಬರುತ್ತೇವೆ. ಅದು ಹಸಿದು ಸತ್ತರೆ ಪಾಪ ಹೊಳೆಯ ಆಚೆ ದಂಡೆಯದು! 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಹೀಗೆ ಹಸಿವು ನೀರಡಿಕೆಗೆ ಬಿಟ್ಟು ಬರುವುದನ್ನೂ ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ ದಂಡ ಮಾತ್ರ 10 ರೂಪಾಯಿಯಿಂದ 50 ರೂಪಾಯಿ.

ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಹೊಳೀನ ಅದನ್ನ ಬಿಟ್ಟ ಹೋಗೇತಿ. ನೀವ ಮತ್ತ ಹೊಳೀಗಿ ಒಯ್ತೀರೇನಪಾ?" ಎಂದರು. ನಮ್ಮವರು ಅರ್ಧ ಚಹಾ ಬಿಟ್ಟು ಎದ್ದು ಹೋದರು. ಚೀಲದ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಆದರೆ ಮಾತು ಮನೆಯಲ್ಲಿ ಉಳಿಯಿತು. ಅಂದು ರಾತ್ರಿ ಅತ್ತೆ ಊಟ ಮಾಡಲಿಲ್ಲ.

ಮರುದಿನ ರವಿವಾರ. ನಾನು ಗುಂಡ್ಯಾನ ಹಿಂದೆಯೇ ಇದ್ದೆ. ಅದು ಬಚ್ಚಲಲ್ಲಿ ಕೂತಿತು, ಎದ್ದಿತು. ಪಡಸಾಲೆಯ ಮೂಲೆಯಲ್ಲಿ ಕೂತಿತು, ಎದ್ದಿತು. ಕೌದಿಯ ಮೇಲೆ ಕೂತು ಹೊಟ್ಟೆ ಬಿಗಿ ಹಿಡಿದು ಸಣ್ಣಗೆ ಅತ್ತಿತು. ನೋಡಿದರೆ ಎರಡೇ ಹನಿ, ಅದರಲ್ಲೂ ಕೆಂಪು. ಆ ಕೂಗು ನನಗೆ ಗುರುತಿನದು.

ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. 1990ರ ದಶಕದ ಕೊನೆಯಲ್ಲಿ ನಾನು ನೌಕರಿಗೆ ಸೇರಿದ ಹಳ್ಳಿಯ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೋಗಲು ಜಾಗವಿರಲಿಲ್ಲ. ಗಂಡು ಮೇಷ್ಟ್ರುಗಳು ಗೋಡೆಯ ಹಿಂದೆ ಹೋಗಿ ಬರುತ್ತಿದ್ದರು. ನಾನು ಮತ್ತು ಇನ್ನೊಬ್ಬ ಅಕ್ಕೋರು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಬಸ್ಸಿಳಿದು ಮನೆ ಮುಟ್ಟುವವರೆಗೆ ತಡೆದುಕೊಳ್ಳಬೇಕು. ತಡೆಯಲಿಕ್ಕಾಗುವುದಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಮಕ್ಕಳು "ಒಂದಕ್ಕೆ ಹೋಗ್ಲೇನ್ರೀ" ಎಂದು ಬೆರಳೆತ್ತಿ ಕೇಳಿದಾಗ, ಕೇಳಲಾದರೂ ಇವರಿಗೆ ಯಾರೋ ಇದ್ದಾರಲ್ಲ ಎನಿಸುತ್ತಿತ್ತು. ಎರಡನೆಯ ವರ್ಷ ನನಗೆ ಮೂತ್ರದ ಸೋಂಕು ಹತ್ತಿತು. ಉರಿ, ಜ್ವರ, ಹತ್ತು ಸಲ ಹೋದರೂ ಹತ್ತು ಹನಿ. 2012ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಗಳಲ್ಲೂ ಆರು ತಿಂಗಳೊಳಗೆ ಶೌಚಾಲಯ ಕಟ್ಟಬೇಕೆಂದು ಆಜ್ಞೆ ಮಾಡಿದಾಗ ಪತ್ರಿಕೆಯ ಆ ಸುದ್ದಿಯನ್ನು ನಾನು ಎರಡು ಸಲ ಓದಿದೆ. ಜಾಗವಿಲ್ಲದ್ದು ಯಾರ ತಪ್ಪು, ನೋವು ಯಾರಿಗೆ ಎಂಬುದು ಮೈಯಲ್ಲಿ ಅನುಭವಿಸಿದವರಿಗೆ ಗೊತ್ತು. ಗುಂಡ್ಯಾ ಹಟ ಮಾಡುತ್ತಿಲ್ಲ, ಅದಕ್ಕೆ ಉರಿಯುತ್ತಿದೆ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಅದೇ ಬುಟ್ಟಿಯಲ್ಲಿ ಹಾಕಿಕೊಂಡು ಸೋಮವಾರ ಬೆಳಿಗ್ಗೆಯೇ ದನದ ದವಾಖಾನೆಗೆ ಹೋದೆವು, ನಾನು ಮತ್ತು ಅತ್ತೆ. ಎರಡು ಎಮ್ಮೆ, ಒಂದು ಹೋರಿ, ಆಡುಗಳ ಹಿಂಡು, ಅವುಗಳ ನಡುವೆ ಬುಟ್ಟಿ ಹಿಡಿದ ಅಕ್ಕೋರು. ಹೋರಿಯವನು ನಕ್ಕ. ಡಾಕ್ಟರು ನಗಲಿಲ್ಲ. ಹೊಟ್ಟೆ ಮುಟ್ಟಿ, "ಲಿಂಬಿಕಾಯಿ ಆಗೇತಿ ನೋಡ್ರಿ, ಪೂರಾ ಕಟ್ಟೇತಿ. ಇನ್ನೊಂದ ದಿನ ತಡಾ ಆಗಿದ್ರ ಉಳೀತಿರಲಿಲ್ಲ ಮೇಡಂ" ಎಂದರು. ಮತ್ತು ಬರುವ ಸೂಜಿ ಕೊಟ್ಟು, ಸಣ್ಣ ನಳಿಗೆ ಹಾಕಿ ಮೂತ್ರ ತೆಗೆದರು.

ಅವರು ತಿಳಿಸಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿ ಹೇಳುತ್ತೇನೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಉಪ್ಪಿನ ಹರಳು, ಲೋಳೆ ಸೇರಿ ಬಿರಡೆಯಂತೆ ಕಟ್ಟಿಕೊಂಡರೆ ಎರಡು ಮೂರು ದಿನದಲ್ಲಿ ಪ್ರಾಣ ಹೋಗುತ್ತದೆ. ಮನೆ ಬದಲಾದದ್ದು, ಹೆದರಿದ್ದು, ನೀರು ಕಡಿಮೆ ಕುಡಿದದ್ದು, ಇವುಗಳಿಂದಲೂ ಮೂತ್ರಕೋಶ ಬಾಯುತ್ತದೆ. ಪ್ರವಾಹ, ಬುಟ್ಟಿ, ಗುರುತಿಲ್ಲದ ಊರು, ಗುಂಡ್ಯಾಗೆ ಇವೆಲ್ಲ ಒಂದೇ ತಿಂಗಳಲ್ಲಿ ಬಂದಿದ್ದವು. ಇದ್ದಕ್ಕಿದ್ದಂತೆ ಬೇಡದ ಕಡೆ ಹೋಗಲು ಹತ್ತಿದ ಬೆಕ್ಕನ್ನು ಬಯ್ಯುವ ಮೊದಲು ಡಾಕ್ಟರಿಗೆ ತೋರಿಸಬೇಕು. ಕೂತು ಕೂತು ಏಳುತ್ತಿದ್ದರೆ, ಅಳುತ್ತಿದ್ದರೆ, ಏನೂ ಬರದಿದ್ದರೆ ಅದೇ ದಿನ ಒಯ್ಯಬೇಕು.

ಇನ್ನು ಜಾಗದ ವಿಚಾರ. ಮೊದಲು ಪ್ಲಾಸ್ಟಿಕ್ ಟಬ್ಬಿಗೆ ಎಂ-ಸ್ಯಾಂಡ್ ತುಂಬಿದೆ. ಹರಳು ಚುಚ್ಚುತ್ತಿತ್ತೋ ಏನೋ, ಗುಂಡ್ಯಾ ಒಂದು ಕಾಲಿಟ್ಟು ಝಾಡಿಸಿ ಹೊರಟುಬಿಟ್ಟಿತು. ಹರಿದ ಪತ್ರಿಕೆ ಹಾಕಿದರೆ ಅದರ ಮೇಲೆ ಮಲಗಿತು. ಪುಣೆಯಲ್ಲಿರುವ ಮಗ "ಅಂಗಡಿಯಲ್ಲಿ ಚೀಲ ಸಿಗುತ್ತದೆ, ತರಿಸು" ಎಂದ. ತರಿಸಿದೆ. ಬೆಲೆ ನೋಡಿ ಅತ್ತೆ, "ಮಣ್ಣಿಗೂ ರೊಕ್ಕ ಕೊಡ್ತಾರೇನವಾ?" ಎಂದು ಗಲ್ಲಕ್ಕೆ ಕೈ ಹಚ್ಚಿದರು.

ಮಣ್ಣೇ ಅದು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1947ರಲ್ಲಿ ಎಡ್ವರ್ಡ್ ಲೋ ಎಂಬುವನ ಹತ್ತಿರ ನೆರೆಯ ಹೆಣ್ಣುಮಗಳೊಬ್ಬಳು ಬೆಕ್ಕಿಗೆಂದು ಉಸುಕು ಕೇಳಲು ಬಂದಳಂತೆ. ಅಲ್ಲಿಯವರೆಗೆ ಅವಳೂ ಒಲೆಯ ಬೂದಿಯನ್ನೇ ಇಡುತ್ತಿದ್ದಳು, ಮನೆಯೆಲ್ಲ ಕರಿ ಹೆಜ್ಜೆ. ಅವನು ಉಸುಕಿನ ಬದಲು ಎಣ್ಣೆ ಹೀರಲು ಬಳಸುವ ಒಣ ಜೇಡಿಮಣ್ಣು ಕೊಟ್ಟ. ಅದು ಫುಲ್ಲರ್ಸ್ ಅರ್ತ್, ಅಂದರೆ ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ. ಆಕೆ ಮತ್ತೆ ಮತ್ತೆ ಬಂದಳು, ಅವನು ಅದನ್ನೇ ಚೀಲಕಟ್ಟಿ ಮಾರಿ ಶ್ರೀಮಂತನಾದ. ಈಗಿನ ಚೀಲಗಳಲ್ಲಿ ಬರುವುದು ಬೆಂಟೊನೈಟ್ ಎಂಬ ಇನ್ನೊಂದು ಮಣ್ಣು. ತೊಯ್ದ ಕಡೆ ಉಂಡೆ ಕಟ್ಟುತ್ತದೆ, ಉಂಡೆಯನ್ನಷ್ಟೇ ಎತ್ತಿ ಬಿಸಾಡಬಹುದು.

ಉಂಡೆ ಕಟ್ಟುವ ಮಣ್ಣು ಎಂದ ಕೂಡಲೇ ನನಗೆ ನಗು ಬಂತು. ಸವದತ್ತಿ, ಬೈಲಹೊಂಗಲದ ಹೊಲಗಳ ತುಂಬ ಇರುವುದು ಮತ್ತೇನು? ಬೆಂಟೊನೈಟಿನ ಗುಣ ಇರುವುದು ಮಾಂಟ್‌ಮೊರಿಲೊನೈಟ್ ಎಂಬ ಖನಿಜದಿಂದ. ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿಯುವ ನಮ್ಮ ಎರೆಮಣ್ಣಿನಲ್ಲಿಯೂ ಇರುವುದು ಅದೇ ಜಾತಿಯ ಖನಿಜ. ಆದರೆ ಬರೀ ಎರೆ ಪಂಜಕ್ಕೆ ಮೆತ್ತುತ್ತದೆ. ಔಷಧ ಹೊಡೆಯದ ಬದುವಿನ ಮಣ್ಣು ತರಿಸಿ, ಬಿಸಿಲಿಗೆ ಹರವಿ, ಒಡೆದು, ಜೋಳದ ಜರಡಿಯಿಂದ ಸೋಸಿ, ಅರ್ಧಕ್ಕರ್ಧ ನಯವಾದ ಹೊಳೆ ಉಸುಕು ಬೆರೆಸಿದೆ. ಗುಂಡ್ಯಾ ಮೂಸಿತು, ಒಂದು ಸುತ್ತು ತಿರುಗಿತು, ಕೆದರಿತು, ಕೂತಿತು. ಅತ್ತೆ ಮತ್ತು ನಾನು ಬಾಗಿಲ ಮರೆಯಲ್ಲಿ ನಿಂತು ಉಸಿರು ಬಿಗಿ ಹಿಡಿದು ನೋಡಿದೆವು, ಮೊಮ್ಮಗ ಮೊದಲ ಹೆಜ್ಜೆ ಇಡುವುದನ್ನು ನೋಡುವಂತೆ.

ಒಂದು ಬೆಕ್ಕಿಗೆ ಎರಡು ಟಬ್ಬು ಬೇಕು. ಉಣ್ಣುವಲ್ಲಿ ಇಡಬಾರದು, ಗಡಗಡ ಸಪ್ಪಳ ಮಾಡುವ ವಾಷಿಂಗ್ ಮಶೀನಿನ ಬದಿಗೂ ಬೇಡ. ದಿನಾ ತೆಗೆಯಬೇಕು. ಬಸುರಿಯರು ಮಾತ್ರ ಈ ಕೆಲಸ ಬೇರೆಯವರಿಗೆ ಬಿಡಬೇಕು, ಬೆಕ್ಕಿನ ಮಲದಿಂದ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಹೊಟ್ಟೆಯ ಕೂಸಿಗೆ ಅಪಾಯ ಮಾಡಬಹುದು. ತೊಯ್ದ ಬಟ್ಟೆಯನ್ನು ತಣ್ಣೀರಲ್ಲಿ ನೆನೆಸಿ ಬಿಸಿಲಿಗೆ ಹಾಕಬೇಕು. ಬ್ಲೀಚಿಂಗ್ ಪೌಡರ್ ಸುರಿಯಬಾರದು. ಮೂತ್ರದ ಅಮೋನಿಯಾದೊಡನೆ ಸೇರಿ ಎದೆ ಉರಿಸುವ ಹೊಗೆ ಏಳುತ್ತದೆ.

ಕೌದಿಗೆ ಇದು ಯಾವುದೂ ನಾಟಲಿಲ್ಲ. ಉಚ್ಚೆ ಒಳಪದರಕ್ಕೆ ಇಳಿದಿತ್ತು. ಕೊನೆಗೆ ಅತ್ತೆಯೇ ಹೊಲಿಗೆ ಬಿಚ್ಚಿದರು. ಐದು ಪದರ. ಒಳಗಿನಿಂದ ಅವರ ಅವ್ವನ ಇಳಕಲ್ ಸೀರೆಯ ತುಂಡು, ಮಾವನವರ ಧೋತರ, ನಮ್ಮವರ ಸಣ್ಣಂದಿನ ಅಂಗಿ ಹೊರಬಂದವು. ಒಂದೊಂದನ್ನೂ ಬೇರೆ ಬೇರೆ ಒಗೆದು ಹಾಕಿದೆ. ಅತ್ತೆ ಹಗ್ಗದ ಮೇಲಿನ ಸೀರೆಯ ತುಂಡನ್ನು ಬಹಳ ಹೊತ್ತು ನೋಡಿ, ಎರಡು ತಿಂಗಳು ಕೂತು ಮತ್ತೆ ಹೊಲಿದರು. ರಾಮದುರ್ಗದಿಂದ ಬಂದ ಮೇಲೆ ಅವರು ಕೈಯಲ್ಲಿ ಸೂಜಿ ಹಿಡಿದದ್ದು ಅದೇ ಮೊದಲು.

ಆರು ತಿಂಗಳಾದ ಮೇಲೆ ಇನ್ನೊಂದು ತಕರಾರು. ಬಾಲ ಎತ್ತಿ ನಡುಗಿಸಿ ಗೋಡೆಗೆ ಚಿಮುಕಿಸತೊಡಗಿತು. ಇದು ರೋಗವಲ್ಲ, ಗಂಡು ಬೆಕ್ಕು ತನ್ನ ಸೀಮೆಗೆ ಹಾಕುವ ಗುರುತು. ಕೂತು ಹೊಯ್ದರೆ ಒಂದು, ನಿಂತು ಚಿಮುಕಿಸಿದರೆ ಇನ್ನೊಂದು, ಇವನ್ನು ಕಲಸಬಾರದು. ಬೀಜ ತೆಗೆಸಿದರೆ ಹತ್ತರಲ್ಲಿ ಒಂಬತ್ತು ಗಂಡು ಬೆಕ್ಕುಗಳು ಬಿಡುತ್ತವೆ ಎಂದರು ಡಾಕ್ಟರು. ನಮ್ಮವರು "ಪಾಪ ರೀ, ಹಂಗ್ಯಾಕ" ಎಂದು ಎರಡು ದಿನ ತಿರುಗಾಡಿದರು. ಚೀಲದಲ್ಲಿ ಹಾಕಿ ಹೊಳೆ ದಾಟಿಸುವಾಗ ಬಾರದ ಪಾಪ ಇಲ್ಲಿ ಬಂದಿತ್ತು! ಅತ್ತೆ ಮಾತ್ರ, "ಹೋರಿ ಬೀಜಾ ಒಡಿಸೂದಿಲ್ಲೇನ?" ಎಂದು ಬುಟ್ಟಿ ತೆಗೆದಿಟ್ಟರು.

ಮಿರಗದ ಮಳೆ ಬಿದ್ದರೆ ಎರೆ ಕೆಸರಾಗುತ್ತದೆ, ಜರಡಿಗೆ ಇಳಿಯುವುದಿಲ್ಲ. ಅದಕ್ಕೆ ಪ್ರತಿ ವರ್ಷ ಮೇ ತಿಂಗಳಲ್ಲಿಯೇ ಎರಡು ಚೀಲ ಸೋಸಿ ಮೆಟ್ಟಿಲ ಕೆಳಗೆ ಇಡುತ್ತೇನೆ. ಕಳೆದ ಸಲ ಎದುರು ಮನೆಯ ವೈನಿ ಒಂದು ಡಬ್ಬಿ ಹಿಡಿದುಕೊಂಡು ಬಂದರು. ಅವರ ಮೊಮ್ಮಗಳು ಎಲ್ಲಿಂದಲೋ ಮರಿಯೊಂದನ್ನು ಎತ್ತಿ ತಂದಿದ್ದಾಳೆ. "ಒಂದೀಟ ಕೊಡ್ರಿ ಅಕ್ಕೋರ, ಗಾದಿ ಎಲ್ಲಾ ಕೆಡಿಸಾಕ ಹತ್ತೇತಿ" ಎಂದರು.