ದೆವ್ವದ ಕತೆಗಳ ಊರು

ಮಕ್ಕಳೇ, ಜಪಾನಿನ ಭೂಪಟ ತೆಗೆದು ನೋಡಿ. ಶಿಂಜಿ ಎಂಬ ದೊಡ್ಡ ಸರೋವರದ ಪಕ್ಕದಲ್ಲಿ ಮತ್ಸುಎ ಎಂಬ ಊರಿದೆ. 1611ರಲ್ಲಿ ಕಟ್ಟಿ ಮುಗಿಸಿದ, ಕಪ್ಪು ಹಲಗೆಯ ಗೋಡೆಗಳ ಕೋಟೆ. ಅದರ ಸುತ್ತ ನೀರು ತುಂಬಿದ ಕಂದಕ. ಹಗಲಲ್ಲಿ ದೋಣಿಯಲ್ಲಿ ಕೂತು ಕಂದಕವನ್ನೇ ಒಂದು ಸುತ್ತು ಬರಬಹುದು. ಕತ್ತಲಾದರೆ ಮಾತ್ರ ಈ ಊರು ಬೇರೆ! ಇಲ್ಲಿ ಗುಡಿಗೊಂದು, ಸೇತುವೆಗೊಂದು ದೆವ್ವದ ಕತೆಯಿದೆ.

ಮೊದಲು ಗೆಶ್ಶೋಜಿ ಎಂಬ ಬೌದ್ಧ ಗುಡಿಗೆ ಹೋಗೋಣ. ಊರನ್ನಾಳಿದ ದೊರೆಗಳ ಸಮಾಧಿಗಳು ಇಲ್ಲಿವೆ. ನಡುವೆ, ಬೆನ್ನ ಮೇಲೆ ಎತ್ತರದ ಶಿಲಾಫಲಕ ಹೊತ್ತ ಭಾರಿ ಕಲ್ಲಿನ ಆಮೆ. ರಾತ್ರಿಯಾದರೆ ಸಾಕು, ಈ ಆಮೆ ಎದ್ದು ತಿರುಗಾಡಲು ಹೊರಡುತ್ತಿತ್ತಂತೆ! ಇಂದು ಅದರ ತಲೆ ಸವರಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಜನ ನಂಬುತ್ತಾರೆ. ಅಂದು ಹೆದರಿಸಿದ ತಲೆಯನ್ನೇ ಇಂದು ಬಂದವರು ಪ್ರೀತಿಯಿಂದ ಸವರಿ ಹೋಗುತ್ತಾರೆ.

ಇನ್ನು ದೈಓಜಿ ಗುಡಿಯ ಸ್ಮಶಾನ. ಅದರ ಬಳಿ ಮಿಜುಆಮೆ ಮಾರುವ ಒಂದು ಅಂಗಡಿಯಿತ್ತಂತೆ. ಮಿಜುಆಮೆ ಎಂದರೆ ಜೇನಿನಂತೆ ಅಂಟುವ ಸಿಹಿಪಾಕ. ಹಾಲು ಸಿಗದಾಗ ಎಳೆಯ ಮಕ್ಕಳಿಗೆ ಇದನ್ನೇ ಕೊಡುತ್ತಿದ್ದರು. ದಿನಾ ರಾತ್ರಿ ಬಿಳಿ ಬಟ್ಟೆಯ, ಬಿಳಿಚಿದ ಮುಖದ ಹೆಂಗಸೊಬ್ಬಳು ಬಂದು ಒಂದು ಕಾಸಿನ ಪಾಕ ಕೊಂಡು ಹೋಗುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಒಂದು ರಾತ್ರಿ ಅಂಗಡಿಯವನು ಹಿಂದೆ ಹೋದ. ಅವಳು ಸ್ಮಶಾನದ ಕಡೆ ನಡೆದಳು. ಇವನು ಹೆದರಿ ಓಡಿಬಂದ.

ಮರುದಿನ ಅವಳು ಏನೂ ಕೊಳ್ಳಲಿಲ್ಲ. ಬಾ ಎಂದು ಕೈಸನ್ನೆ ಮಾಡಿದಳು. ಅವನು ಗೆಳೆಯರನ್ನು ಕರೆದುಕೊಂಡು ಹೋದ. ಒಂದು ಸಮಾಧಿಯ ಬಳಿ ಅವಳು ಮಾಯವಾದಳು. ನೆಲದೊಳಗಿನಿಂದ ಮಗುವಿನ ಅಳು! ತೆರೆದು ನೋಡಿದರೆ ಅದೇ ಹೆಂಗಸಿನ ಶವ. ಪಕ್ಕದಲ್ಲಿ, ಲಾಂದ್ರದ ಬೆಳಕು ಕಂಡು ನಗುವ ಜೀವಂತ ಕೂಸು. ಅದರ ಹತ್ತಿರ ಮಿಜುಆಮೆಯ ಪುಟ್ಟ ಬಟ್ಟಲು. ತಾಯಿ ಸತ್ತರೂ ಕೂಸನ್ನು ಉಪವಾಸ ಕೆಡವಲಿಲ್ಲ.

ಈಗ ಹೇಳಿ, ಈ ದೆವ್ವಕ್ಕೆ ಹೆದರುತ್ತೀರಾ?

ಇಂಥ ಕತೆಗಳನ್ನು ಲೋಕಕ್ಕೆ ಮುಟ್ಟಿಸಿದವರು ಲಫ್ಕಾಡಿಯೊ ಹರ್ನ್. ತಾಯಿ ಗ್ರೀಕ್, ತಂದೆ ಐರಿಷ್. ಬಾಲ್ಯದಲ್ಲೇ ತಾಯಿ ದೂರವಾದರು. ಡಬ್ಲಿನ್ನಿನಲ್ಲಿ ಕತ್ತಲಿಗೆ ಹೆದರುತ್ತಿದ್ದ ಈ ಹುಡುಗನ ಭಯ ಬಿಡಿಸಲೆಂದು ದೊಡ್ಡವರು ದೀಪ ಆರಿಸಿ, ಕೋಣೆಗೆ ಬೀಗ ಹಾಕಿ ಒಬ್ಬನನ್ನೇ ಮಲಗಿಸುತ್ತಿದ್ದರು. ಭಯ ಹೋಗಲಿಲ್ಲ, ಹೆಚ್ಚಾಯಿತು. ಹದಿನಾರರಲ್ಲಿ ಒಂದು ಕಣ್ಣೂ ಹೋಯಿತು.

1890ರಲ್ಲಿ ಅವರು ಇಂಗ್ಲಿಷ್ ಮೇಷ್ಟರಾಗಿ ಮತ್ಸುಎಗೆ ಬಂದರು. ಸಮುರಾಯ್ ಮನೆತನದ ಸೆತ್ಸು ಅವರ ಕೈಹಿಡಿದರು. ಕಂದಕದ ಎದುರು ಅವರಿದ್ದ ಮನೆ ಇಂದಿಗೂ ಇದೆ, ಪಕ್ಕದಲ್ಲೇ ವಸ್ತುಸಂಗ್ರಹಾಲಯ. ಕಾಗದಕ್ಕೆ ಕಣ್ಣು ಹತ್ತಿರವಾಗಲೆಂದು ಎತ್ತರಕ್ಕೆ ಮಾಡಿಸಿದ ಅವರ ಮೇಜನ್ನು ನೋಡಲು ಮರೆಯಬೇಡಿ.

ಊರು ಬಿಟ್ಟು ಹೋದ ಮೇಲೂ ಕತೆ ನಿಲ್ಲಲಿಲ್ಲ. ರಾತ್ರಿ ದೀಪ ಸಣ್ಣದು ಮಾಡಿ ಸೆತ್ಸು ಕತೆ ಹೇಳುತ್ತಿದ್ದರು. ಹರ್ನ್ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಪುಸ್ತಕ ನೋಡಿ ಓದುವಂತಿರಲಿಲ್ಲ. ಅವಳದೇ ಮಾತಿನಲ್ಲಿ ಹೇಳಬೇಕು ಎಂದು ಅವರ ಹಟ. ಹಾಗೆ ಕೇಳಿದ ಕತೆಗಳೂ ಸೇರಿ 1904ರಲ್ಲಿ ‘ಕ್ವಾಯ್ದಾನ್’ ಎಂಬ ಪುಸ್ತಕವಾಯಿತು. ಹಿಮದ ಹೆಣ್ಣು, ಕಿವಿಯಿಲ್ಲದ ಹೋಯಿಚಿ ಎಲ್ಲರೂ ಅದರಲ್ಲಿದ್ದಾರೆ.

ನೋಡಿ, ಬೀಗ ಹಾಕಿದ ಕೋಣೆಯಲ್ಲಿ ಹೆಚ್ಚಿದ ಭಯ, ಪಕ್ಕದಲ್ಲಿ ಒಬ್ಬರು ಕೂತು ಕತೆ ಹೇಳಿದಾಗ ಖುಷಿಯಾಯಿತು. ಕತ್ತಲು ಎರಡು ಕಡೆಯೂ ಒಂದೇ. ಜೊತೆಗಿರುವ ದನಿ ಮಾತ್ರ ಬೇರೆ.

ಅಜ್ಜ ಅಜ್ಜಿಯರೇ, ನಿಮ್ಮೂರಿನ ಹುಣಸೆಮರಕ್ಕೂ ಹಾಳು ಬಾವಿಗೂ ಕತೆಗಳಿರಬೇಕಲ್ಲ? ಈ ರಾತ್ರಿ ಮೊಮ್ಮಕ್ಕಳನ್ನು ಒತ್ತಿಗೆ ಕೂರಿಸಿಕೊಂಡು ಒಂದು ಹೇಳಿ, ನಿಮ್ಮದೇ ಮಾತಿನಲ್ಲಿ. ಮಕ್ಕಳೇ, ಹೆದರಿಕೆಯಾದರೆ ಅಜ್ಜಿಯ ಸೆರಗು ಇದ್ದೇ ಇದೆ.