ಕೊಟ್ಟಷ್ಟನ್ನೇ ಕೊಳ್ಳುವುದು

ಕೊಟ್ಟೂರಿನ ನಮ್ಮ ಅಂಗಡಿಯ ಲೆಕ್ಕಪತ್ರವೆಲ್ಲ ಟ್ಯಾಲಿಯಲ್ಲಿದೆ. ಏಕಬಳಕೆಯ ಪರವಾನಗಿ ಒಂದೇ ಗಣಕಯಂತ್ರಕ್ಕೆ ಸಲ್ಲುವುದು. ಹೊಸ ಯಂತ್ರದಲ್ಲಿ ಅದನ್ನು ಜಾರಿಗೊಳಿಸಲು ಹಳೆಯದರಿಂದ ಮೊದಲು ಒಪ್ಪಿಸಿಬಿಡಬೇಕು.

“ಬಸದಿಯ ಲೆಕ್ಕಕ್ಕೆ ಬೀಗ ಮುರಿದ ಪ್ರತಿಯೇ ಸಾಕು, ಪುಣ್ಯಕಾರ್ಯವಲ್ಲವೇ?” ಎಂದರು ನಮ್ಮ ಭಾವನವರು. ಕಾರ್ಯ ಪವಿತ್ರವಾದ ಮಾತ್ರಕ್ಕೆ ಅದತ್ತಾದಾನವು ದತ್ತವಾಗದು. ಕದ್ದುತಂದುದನ್ನು ಕೊಳ್ಳುವುದೂ ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದಷ್ಟೆ. ಬಸದಿಗಾಗಿ ಬೇರೆಯೇ ಪರವಾನಗಿ ಕೊಂಡೆವು.

ಆದರೆ ಬೀಗದ ಕೈ ಹಿಡಿದವರಿಗೂ ವ್ರತ ಬೇಡವೇ? 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕಿಲ್ಲದವರು ತನ್ನ ಮಳಿಗೆಯಲ್ಲಿ ಮಾರಿದ್ದ ಆರ್ವೆಲ್ಲರ ‘1984’ ಕಾದಂಬರಿಯನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಹಣ ಮರಳಿಸಿದರೂ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಯಾಚಿಸಬೇಕಾಯಿತು.

ಕೊಡದುದನ್ನು ಕೊಳ್ಳದಿರುವುದು ನಮ್ಮ ಧರ್ಮ; ಕೊಟ್ಟುದನ್ನು ಹೇಳದೆ ಕಸಿಯದಿರುವುದು ಅವರ ಧರ್ಮ.