ದರ್ಬೆಯ ಟೈಪಿಂಗ್ ಮೇಜಿನಿಂದ ಮನೆಯ ಲೇಸರ್ ಪ್ರಿಂಟರಿಗೆ

ಪುತ್ತೂರಿನ ದರ್ಬೆಯಲ್ಲಿ ಅಚ್ಚಿನ ಕಸುಬು ಬೆಳೆದದ್ದು ಕಾಲೇಜು ಮತ್ತು ಬಸ್ಸು, ಇವೆರಡರ ನೆರಳಿನಲ್ಲಿ. 1958ರಲ್ಲಿ ಇಲ್ಲಿ ಸಂತ ಫಿಲೋಮಿನಾ ಕಾಲೇಜು ತೆರೆಯಿತು. ಸುಳ್ಯ, ಕಾಣಿಯೂರು ಕಡೆಯ ಬಸ್ಸುಗಳು ಇಲ್ಲಿನ ವೃತ್ತವನ್ನು ಹಾದು ಹೋಗುತ್ತವೆ. ಪುತ್ತೂರಿಗೆ ಮುದ್ರಣ ಹೊಸತಾಗಿರಲಿಲ್ಲ; ಪರ್ಲಡ್ಕದ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರೇ ಇಲ್ಲಿ ಮುದ್ರಣಾಲಯ ನಡೆಸಿದವರು. ಆದರೆ ಒಂದು ಅರ್ಜಿಗೋ ಒಂದು ಕರಾರುಪತ್ರಕ್ಕೋ ಅಚ್ಚುಮೊಳೆ ಜೋಡಿಸುವವರಿರಲಿಲ್ಲ. ಅಂಥ ಬಿಡಿ ಕೆಲಸಕ್ಕೆ ಜನ ಹೋಗುತ್ತಿದ್ದದ್ದು ಟೈಪಿಂಗ್ ಮೇಜಿಗೆ. ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಬಡಿದರೆ ಒಂದು ಪ್ರತಿ ಕಚೇರಿಗೆ, ಇನ್ನೊಂದು ಮನೆಯ ಪೆಟ್ಟಿಗೆಗೆ.

ಕಂಪ್ಯೂಟರ್ ಬಂದಾಗ ಅದರ ಜೊತೆಗೆ ಬಂದದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಂಬತ್ತು ಸೂಜಿಗಳು ರಿಬ್ಬನ್ನಿಗೆ ಕುಟ್ಟಿ ಅಕ್ಷರ ಮೂಡಿಸುವ ಯಂತ್ರ ಅದು. ಇಂಗ್ಲಿಷಿಗೆ ಸಾಕಿತ್ತು, ಕನ್ನಡಕ್ಕೆ ಸಾಲುತ್ತಿರಲಿಲ್ಲ. ‘ಲಕ್ಷ್ಮೀ’ ಎಂಬ ಹೆಸರಿನಲ್ಲಿ ಷಕಾರದ ಒತ್ತಿನ ಪಕ್ಕ ಮಕಾರದ ಒತ್ತೂ ಬರಬೇಕು. ಒಂಬತ್ತು ಚುಕ್ಕೆಗಳ ಎತ್ತರದಲ್ಲಿ ಅದೊಂದು ಕಪ್ಪು ಮುದ್ದೆಯಾಗಿ ಉಳಿಯುತ್ತಿತ್ತು. 1998ರಲ್ಲಿ ಬರಹ, ಆಮೇಲೆ ನುಡಿ ತಂತ್ರಾಂಶ ಬಂದು ಕನ್ನಡದಲ್ಲಿ ಕೀಲಿಸುವುದು ಸಲೀಸಾಯಿತು. ಅದೇ ಹೊತ್ತಿಗೆ ಭೂಮಿ ಯೋಜನೆಯಿಂದ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ತೋಟದ ಮನೆಯವರಿಗೂ ಅಚ್ಚಾದ ಕಾಗದ ನಿತ್ಯದ ಅಗತ್ಯವಾಯಿತು. ಒತ್ತಕ್ಷರ ಬಿಡಿಬಿಡಿಯಾಗಿ ಕಾಣುವಂತೆ ಮಾಡಿದ್ದು ಮಾತ್ರ ಲೇಸರ್ ಪ್ರಿಂಟರ್.

ಎಚ್‌ಪಿ ಕಂಪನಿ ತನ್ನ ಮೊದಲ ಲೇಸರ್‌ಜೆಟ್ ಮಾರಿದ್ದು 1984ರಲ್ಲಿ. ಅದರೊಳಗಿನ ಎಂಜಿನ್ ಕ್ಯಾನನ್‌ದು. ದರ್ಬೆಯಂಥ ಊರಿನ ಜೆರಾಕ್ಸ್ ಅಂಗಡಿಗಳ ಮಟ್ಟಕ್ಕೆ ಬೆಲೆ ಇಳಿಯಲು ಎರಡು ದಶಕ ಬೇಕಾಯಿತು. ಎಚ್‌ಪಿ 1020 ಮತ್ತು ಕ್ಯಾನನ್ ಎಲ್‌ಬಿಪಿ 2900 ಎಂಬ ಎರಡು ಮಾದರಿಗಳು ಆಗ ಕರ್ನಾಟಕದ ಊರೂರಿಗೂ ಹೋದವು. ಎರಡರದ್ದೂ ಗಟ್ಟಿ ಮೈ. ಕಾರ್ಟ್ರಿಜ್ ಒಂದೇ ಜಾತಿಯದು: ಎಚ್‌ಪಿಯಲ್ಲಿ 12ಎ, ಕ್ಯಾನನ್‌ನಲ್ಲಿ 303. ಒಮ್ಮೆ ತುಂಬಿದರೆ ಸುಮಾರು 2000 ಪುಟ. ಸೆಮಿನಾರ್ ವರದಿ, ಸೊಸೈಟಿಯ ಸಾಲದ ಅರ್ಜಿ, ತಾಳಮದ್ದಳೆಯ ಕರಪತ್ರ ಎಲ್ಲವೂ ಅದರಲ್ಲೇ. ರಿಪೇರಿಯವರು ಕಣ್ಣುಮುಚ್ಚಿ ಬಿಚ್ಚುವಷ್ಟು ಈ ಯಂತ್ರಗಳ ಪರಿಚಯ ಊರಿಗಾಯಿತು. ಬಾಳಿಕೆಯ ಗುಟ್ಟಿನಲ್ಲಿ ಯಂತ್ರದ ಗಟ್ಟಿತನದಷ್ಟೇ ಪಾಲು ಈ ಪರಿಚಯಕ್ಕೂ ಇದೆ.

ಪ್ರಿಂಟರ್ ಅಂಗಡಿ ದಾಟಿ ಮನೆಯೊಳಗೆ ಬಂದದ್ದು ಹೆಚ್ಚಾಗಿ 2020ರ ನಂತರ. ಕೊರೊನಾದಿಂದ ಶಾಲೆ ಮುಚ್ಚಿತ್ತು, ಪಾಠ ಮೊಬೈಲಿನಲ್ಲಿ ಬರುತ್ತಿತ್ತು, ಹಾಳೆ ಅಚ್ಚು ಹಾಕಿಸಲು ಪೇಟೆಗೆ ಹೋಗುವಂತಿರಲಿಲ್ಲ. ಬಣ್ಣ ಬರುತ್ತದೆಂದು ಇಂಕ್‌ಜೆಟ್ ಕೊಂಡ ಮನೆಗಳಲ್ಲಿ ತೊಡಕು ಬೇಗ ಕಾಣಿಸಿತು. ತಿಂಗಳಿಗೆ ನಾಲ್ಕು ಹಾಳೆ ತೆಗೆಯುವ ಮನೆಯಲ್ಲಿ ಶಾಯಿ ನಳಿಗೆಯಲ್ಲೇ ಒಣಗುತ್ತದೆ. ಲೇಸರಿನಲ್ಲಿ ಶಾಯಿಯೇ ಇಲ್ಲ. ಪ್ಲಾಸ್ಟಿಕ್ ಬೆರೆತ ಕಪ್ಪು ಪುಡಿ ಡ್ರಮ್ಮಿನಿಂದ ಕಾಗದಕ್ಕೆ ಬಂದು, ಬಿಸಿ ಉರುಳೆಯ ಕೆಳಗೆ ಕರಗಿ ಕಚ್ಚಿಕೊಳ್ಳುತ್ತದೆ. ಆರು ತಿಂಗಳು ಮುಟ್ಟದಿದ್ದರೂ ಏಳನೆಯ ತಿಂಗಳು ಅಚ್ಚು ಬರುತ್ತದೆ. ಅಪರೂಪಕ್ಕೆ ಬಳಸುವ ಮನೆಗೆ ಕಪ್ಪು-ಬಿಳುಪು ಲೇಸರೇ ಸರಿ ಎನ್ನಲು ಈ ಒಂದು ಕಾರಣ ಸಾಕು.

ಈ ಸೀಮೆಯಲ್ಲಿ ಅದಕ್ಕಿರುವ ದೊಡ್ಡ ಶತ್ರು ಮಳೆಗಾಲ. ಆಟಿ ತಿಂಗಳಲ್ಲಿ ಕಾಗದ ತೇವ ಹೀರಿ ಮೆತ್ತಗಾಗುತ್ತದೆ. ಅಂಥ ಹಾಳೆ ಒಳಗೆ ಮುದುರಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಎರಡೆರಡಾಗಿ ಹೋಗುತ್ತದೆ. ಉರುಳೆಯ ಬಿಸಿ ನೀರನ್ನು ಆವಿ ಮಾಡಲಿಕ್ಕೇ ಖರ್ಚಾಗಿ ಪುಡಿ ಸರಿಯಾಗಿ ಕಚ್ಚದು. ಬೆರಳಿನಿಂದ ಉಜ್ಜಿದರೆ ಅಕ್ಷರ ಅಳಿಸಿಹೋಗುತ್ತದೆ. ಯಂತ್ರ ಕೆಟ್ಟಿತೆಂದು ಹೊತ್ತು ತಂದ ಎಷ್ಟೋ ಪ್ರಿಂಟರುಗಳು ಅಂಗಡಿಯ ಒಣ ಹಾಳೆಯಲ್ಲಿ ಚೆನ್ನಾಗಿಯೇ ಅಚ್ಚು ಹಾಕುತ್ತವೆ. ಟ್ರೇಯಲ್ಲಿ ಬೇಕಾದಷ್ಟೇ ಹಾಳೆ ಇಟ್ಟು, ಉಳಿದ 75 ಜಿಎಸ್‌ಎಂ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಡುವುದು ಇದಕ್ಕೆ ಪರಿಹಾರ.

ಎರಡನೆಯದು ಕರೆಂಟು. ಉರುಳೆ ಕಾಯುವ ಕ್ಷಣಗಳಲ್ಲಿ ಪ್ರಿಂಟರ್ ನೂರಾರು ವ್ಯಾಟ್ ಎಳೆಯುತ್ತದೆ. ಲೈಟು-ಫ್ಯಾನಿಗೆಂದು ಹಾಕಿಸಿದ ಸಣ್ಣ ಇನ್ವರ್ಟರ್ ಆಗ ಕೂಗಿ ನಿಂತುಬಿಡುತ್ತದೆ. ಮೆಸ್ಕಾಂ ಲೈನಿನಲ್ಲಿ ಕರೆಂಟು ಇದ್ದಾಗಲೇ ಅಚ್ಚು ಹಾಕುವುದು ಕ್ಷೇಮ. ಸಿಡಿಲಿನ ಮುನ್ಸೂಚನೆ ಕಂಡರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಕೊಳ್ಳುವಾಗ ಹೆಚ್ಚು ಯೋಚಿಸಬೇಕಾದ್ದು ಕಾರ್ಟ್ರಿಜ್ ವಿಷಯ. ಹಳೆಯ 12ಎಯಲ್ಲಿ ಡ್ರಮ್ಮೂ ಪುಡಿಯೂ ಒಂದೇ ಡಬ್ಬಿಯಲ್ಲಿದ್ದವು. ರಿಪೇರಿಯವರು ಪಿನ್ನು ಕಿತ್ತು, ಹಳೆಯ ಪುಡಿ ಕೊಡವಿ ಹೊಸತು ತುಂಬುತ್ತಿದ್ದರು. ಪುಟದುದ್ದಕ್ಕೆ ಕಪ್ಪು ಗೆರೆ ಬಿದ್ದರೆ, ಕಲೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ, “ಡ್ರಮ್ಮು ಹೋಗಿದೆ” ಎಂದು ಹಾಳೆ ನೋಡಿಯೇ ಹೇಳುತ್ತಿದ್ದರು. ಈಚಿನ ಹಲವು ಮಾದರಿಗಳ ಕಾರ್ಟ್ರಿಜ್‌ನಲ್ಲಿ ಚಿಪ್ ಇದೆ. ಪುಡಿ ತುಂಬಿದರೂ ಚಿಪ್ ಬದಲಿಸದೆ ಯಂತ್ರ ಒಪ್ಪುವುದಿಲ್ಲ. ಬ್ರದರ್ ಕಂಪನಿಯ ಎಚ್‌ಎಲ್-ಎಲ್2321ಡಿಯಂಥವುಗಳಲ್ಲಿ ಡ್ರಮ್ ಬೇರೆ, ಟೋನರ್ ಬೇರೆ: ಟೋನರ್ 2600 ಪುಟಕ್ಕೆ, ಡ್ರಮ್ 12,000 ಪುಟಕ್ಕೆ. ಎರಡೂ ಬದಿ ತಾನೇ ಅಚ್ಚು ಹಾಕುವುದರಿಂದ ಕಾಗದವೂ ಉಳಿಯುತ್ತದೆ. ಹೆಚ್ಚು ಬರೆಯುವ, ಓದುವ ಮನೆಗೆ ಇದು ಒಳ್ಳೆಯ ಏರ್ಪಾಡು.

ವೈಫೈ, ಸ್ಕ್ಯಾನರ್ ಮುಂತಾದವು ಬೇಕಿದ್ದವರಿಗೆ ಮಾತ್ರ. ಭಾಗ ಹೆಚ್ಚಿದಷ್ಟೂ ಕೆಡುವ ಜಾಗವೂ ಹೆಚ್ಚು. ಪ್ರಿಂಟರಿನ ಬೆಲೆ ಕೇಳುವ ಮೊದಲು ಅದರ ಕಾರ್ಟ್ರಿಜ್ ಬೆಲೆ ಕೇಳಬೇಕು. ಅದಕ್ಕೆ ಪುಡಿ ತುಂಬಿಕೊಡುವವರು ಹತ್ತಿರದ ಪೇಟೆಯಲ್ಲಿ ಯಾರಿದ್ದಾರೆಂದು ವಿಚಾರಿಸಿಕೊಂಡೇ ದುಡ್ಡು ಕೊಡಬೇಕು.